ಒಂದೇ ತಂತಿ, ಎರಡು ಕೆಲಸ: ಜಾರ್ಜ್ ಓವೆನ್ ಸ್ಕ್ವೈಯರ್ ಬದುಕು

ಪ್ರಾಜೆಕ್ಟ್ ಎಕ್ಸ್‌ಪೋ ಅಂದ್ರೆ ಒಂದು ವಿಷಯ ಗ್ಯಾರಂಟಿ. ಸಾಲಾಗಿ ಇಟ್ಟಿರೋ ಟೇಬಲ್‌ಗಳಲ್ಲಿ ನಾಲ್ಕಾದ್ರೂ ಹೋಮ್ ಆಟೋಮೇಷನ್ ಪ್ರಾಜೆಕ್ಟ್ ಇದ್ದೇ ಇರತ್ತೆ. ಒಂದು ಥರ್ಮಾಕೋಲ್ ಮನೆ, ಒಂದು ರಿಲೇ ಬೋರ್ಡ್, ಒಂದು ವೈಫೈ ಮಾಡ್ಯೂಲ್, ಎರಡು ಬಲ್ಬು. ಫೋನಿನಲ್ಲಿ ಒತ್ತಿದ್ರೆ ಬಲ್ಬು ಹತ್ತತ್ತೆ, ಇನ್ನೊಂದ್ಸಲ ಒತ್ತಿದ್ರೆ ಆರತ್ತೆ.

ಆದ್ರೆ ಮನೆಮನೆಗೆ ವೈಫೈ ಬರೋದಕ್ಕೆ ಇಪ್ಪತ್ತು ವರ್ಷ ಮೊದಲೇ ಜನ ತಮ್ಮ ಮನೆಯ ದೀಪಗಳನ್ನ ಕಂಪ್ಯೂಟರ್‌ನಿಂದ ಹತ್ತಿಸಿ ಆರಿಸ್ತಾ ಇದ್ರು. ಅದಕ್ಕೆ ಹೊಸ ವೈರ್ ಎಳೆಯೋ ಅಗತ್ಯ ಇರಲಿಲ್ಲ. ಗೋಡೆಯೊಳಗೆ ಆಗಲೇ ಇದ್ದ ಕರೆಂಟ್ ವೈರಿನಲ್ಲೇ ಸಂದೇಶ ಹೋಗ್ತಿತ್ತು. ಬಲ್ಬಿಗೆ ಶಕ್ತಿ ಕೊಡೋದೂ ಅದೇ ತಂತಿ, ಬಲ್ಬಿಗೆ ಆರ್ಡರ್ ಕೊಡೋದೂ ಅದೇ ತಂತಿ. ಒಂದೇ ತಂತಿಗೆ ಹೀಗೆ ಎರಡು ಕೆಲಸ ಹಚ್ಚೋ ಯೋಚನೆಯ ಹಿಂದೆ ಹೋದ್ರೆ ನಾವು 1910ಕ್ಕೆ, ಅಮೆರಿಕದ ಸೈನ್ಯದ ಒಬ್ಬ ಮೇಜರ್ ಹತ್ತಿರ ಹೋಗಿ ನಿಲ್ತೀವಿ. ಅವರ ಹೆಸರು ಜಾರ್ಜ್ ಓವೆನ್ ಸ್ಕ್ವೈಯರ್. ತಮ್ಮ ಕಾಲದಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಬರ್ತಿದ್ದ ಮನುಷ್ಯ. ಇವತ್ತು ನಮ್ಮ ಕಮ್ಯುನಿಕೇಷನ್ ಪಠ್ಯದಲ್ಲಿ ಅವರ ಕೆಲಸ ಇದೆ, ಹೆಸರು ಮಾತ್ರ ಕಾಣಲ್ಲ.

ಡ್ರೈಡನ್‌ನಿಂದ ಬಾಲ್ಟಿಮೋರ್‌ಗೆ

ಸ್ಕ್ವೈಯರ್ ಹುಟ್ಟಿದ್ದು 1865ರ ಮಾರ್ಚ್ 21ರಂದು, ಮಿಷಿಗನ್ ರಾಜ್ಯದ ಡ್ರೈಡನ್ ಅನ್ನುವ ಚಿಕ್ಕ ಊರಿನಲ್ಲಿ. ಸುತ್ತ ಹೊಲಗದ್ದೆ ಇದ್ದ ಹಳ್ಳಿ ಅದು. ಅಲ್ಲಿಂದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಹೋಗಿ 1887ರಲ್ಲಿ ಪದವಿ ಪಡೆದು ಫಿರಂಗಿ ದಳದ ಅಧಿಕಾರಿಯಾದರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗೀಬೇಕಿತ್ತು. ಡ್ರಿಲ್, ಬಡ್ತಿ, ಪೆನ್ಷನ್. ಆದರೆ ಅವರಿಗೆ ಪೋಸ್ಟಿಂಗ್ ಸಿಕ್ಕಿದ್ದು ಬಾಲ್ಟಿಮೋರ್ ನಗರದ ಫೋರ್ಟ್ ಮೆಕ್‌ಹೆನ್ರಿ ಕೋಟೆಯಲ್ಲಿ. ಅದೇ ಊರಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಇತ್ತು. ಕೋಟೆಯ ಡ್ಯೂಟಿ ಮಾಡ್ತಾನೇ ಅಲ್ಲಿ ಭೌತಶಾಸ್ತ್ರ ಓದಿ, 1893ರಲ್ಲಿ ಪಿಎಚ್‌ಡಿ ಮುಗಿಸಿದರು. ಪಿಎಚ್‌ಡಿ ಮಾಡಿದ ಸೈನ್ಯಾಧಿಕಾರಿ ಅನ್ನೋದು ಆಗ ತುಂಬಾ ಅಪರೂಪ. ಸಂಶೋಧನೆಯ ವಿಷಯ ಕಾಂತಕ್ಷೇತ್ರದಿಂದ ರಾಸಾಯನಿಕ ಕ್ರಿಯೆಗಳ ಮೇಲೆ ಆಗೋ ಪರಿಣಾಮ.

ಅವರಿಗೆ ಪಾಠ ಹೇಳಿದವರಲ್ಲಿ ಹೆನ್ರಿ ರೋಲೆಂಡ್ ಒಬ್ಬರು. ಬೆಳಕಿನ ವರ್ಣಪಟಲ ಬಿಡಿಸೋ ಡಿಫ್ರಾಕ್ಷನ್ ಗ್ರೇಟಿಂಗ್‌ಗೆ ಹೆಸರಾದ ರೋಲೆಂಡ್ ಅವರೇ. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ಟೆಲಿಗ್ರಾಂ ಕಳಿಸೋ ಯಂತ್ರದ ಮೇಲೂ ಆ ಮೇಷ್ಟ್ರು ತಮ್ಮ ಕೊನೆಯ ವರ್ಷಗಳಲ್ಲಿ ಕೆಲಸ ಮಾಡ್ತಿದ್ದರು. ತಂತಿ ದುಬಾರಿ, ಅದನ್ನ ಖಾಲಿ ಬಿಡಬಾರದು ಅನ್ನೋ ಯೋಚನೆ ಶಿಷ್ಯನ ತಲೆಯಲ್ಲೂ ಕೂತಿದ್ದರೆ ಆಶ್ಚರ್ಯ ಇಲ್ಲ.

ಆಮೇಲೆ ಅವರು ಫಿರಂಗಿ ಬಿಟ್ಟು ಸಿಗ್ನಲ್ ಕೋರ್ ಸೇರಿದರು. ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳೋ ವಿಭಾಗ ಅದು. 1900ರಿಂದ 1902ರ ತನಕ ಬರ್ನ್‌ಸೈಡ್ ಅನ್ನುವ ಹಡಗಿನ ಮುಖ್ಯಸ್ಥರಾಗಿ ಫಿಲಿಪ್ಪೀನ್ಸ್ ದ್ವೀಪಗಳ ನಡುವೆ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಹಾಕಿಸಿದರು. ಒಂದೊಂದು ಮೈಲಿ ಕೇಬಲ್ ನೀರಿಗಿಳಿಸೋಕೆ ಎಷ್ಟು ದುಡ್ಡು, ಎಷ್ಟು ಜನ, ಎಷ್ಟು ದಿನ ಬೇಕು ಅನ್ನೋದನ್ನ ಹತ್ತಿರದಿಂದ ನೋಡಿದವರು ಅವರು.

ಮರವೇ ಆಂಟೆನಾ

ಸ್ಕ್ವೈಯರ್ ಅವರ ಸ್ವಭಾವ ಗೊತ್ತಾಗಬೇಕಂದ್ರೆ ಮರದ ಪ್ರಯೋಗ ನೋಡಬೇಕು. 1904ರಲ್ಲಿ ಕ್ಯಾಲಿಫೋರ್ನಿಯಾದ ಅಟಾಸ್ಕಡೆರೋ ಎಂಬಲ್ಲಿ ಸೈನ್ಯದ ಕ್ಯಾಂಪ್ ನಡೀತಿತ್ತು. ಬೇಸಿಗೆ, ಒಣಗಿದ ನೆಲ. ಫೀಲ್ಡ್ ಟೆಲಿಫೋನ್‌ಗೆ ಸರಿಯಾದ ಅರ್ಥ್ ಸಿಗೋದು ಕಷ್ಟ. ಅವರು ಹಸಿ ಮರಕ್ಕೆ ಮೊಳೆ ಹೊಡೆದು ಅದಕ್ಕೆ ತಂತಿ ಕಟ್ಟಿ ನೋಡಿದರು. ಬೇರು ಆಳಕ್ಕಿಳಿದಿರತ್ತೆ, ಒಳಗೆ ರಸ ಹರೀತಿರತ್ತೆ, ಹಾಗಾಗಿ ಕರೆಂಟ್ ಹೋಗೋಕೆ ದಾರಿ ಇದೆ. ಮುಂದುವರಿಸಿ ಅದೇ ಮರವನ್ನ ವೈರ್‌ಲೆಸ್ ಸಿಗ್ನಲ್ ಹಿಡಿಯೋ ಆಂಟೆನಾ ಆಗಿಯೂ ಬಳಸಿದರು. ಒಂದನೇ ಮಹಾಯುದ್ಧದ ಹೊತ್ತಿಗೆ ವಾಷಿಂಗ್ಟನ್ ಹತ್ತಿರದ ಮರಗಳಿಂದ ಯುರೋಪಿನ ಸ್ಟೇಷನ್‌ಗಳ ಸಿಗ್ನಲ್‌ಗಳನ್ನೂ ಹಿಡಿಯಲಾಯಿತು.

ತಮಾಷೆ ಅನ್ಸತ್ತೆ ಅಲ್ವಾ? ಆದ್ರೆ ಇದರಲ್ಲಿ ಅವರ ಇಡೀ ಎಂಜಿನಿಯರಿಂಗ್ ಇದೆ. ಹೊಸದಾಗಿ ಕಂಬ ನೆಡೋ ಮೊದಲು, ಇಲ್ಲಿ ಆಗಲೇ ನಿಂತಿರೋದು ಏನು ಅಂತ ಅವರು ನೋಡ್ತಿದ್ರು.

ವಿಮಾನಕ್ಕೆ ಒಂದು ಸ್ಪೆಸಿಫಿಕೇಷನ್

1907ರಲ್ಲಿ ಅವರನ್ನ ವಾಷಿಂಗ್ಟನ್‌ಗೆ ಕರೆಸಿದರು. ಸಿಗ್ನಲ್ ಕೋರ್ ಮುಖ್ಯಸ್ಥ ಜನರಲ್ ಜೇಮ್ಸ್ ಅಲೆನ್ ಅವರ ಸಹಾಯಕರಾಗಿ ಕೆಲಸ. ಅದೇ ವರ್ಷ ಆಗಸ್ಟ್ 1ರಂದು ಸಿಗ್ನಲ್ ಕೋರ್‌ನಲ್ಲಿ ವಾಯುಯಾನ ವಿಭಾಗ ಶುರುವಾಯಿತು. ಇವತ್ತಿನ ಅಮೆರಿಕದ ವಾಯುಸೇನೆಯ ಬೇರು ಇರೋದು ಅಲ್ಲಿ. ಆ ವಿಭಾಗ ಶುರುವಾಗಲು ಒತ್ತಾಯ ಮಾಡಿದವರಲ್ಲಿ ಸ್ಕ್ವೈಯರ್ ಮುಖ್ಯರು.

ಡಿಸೆಂಬರ್‌ನಲ್ಲಿ ಸೈನ್ಯ ವಿಮಾನಕ್ಕೆ ಟೆಂಡರ್ ಕರೆಯಿತು. ಅದರ ಷರತ್ತುಗಳನ್ನು ಬರೆಯುವುದರಲ್ಲಿ ಸ್ಕ್ವೈಯರ್ ಕೈ ಇತ್ತು. ಸ್ಪೆಸಿಫಿಕೇಷನ್ ನಂಬರ್ 486. ಇಬ್ಬರನ್ನು ಹೊತ್ತುಕೊಂಡು ಹಾರಬೇಕು, ಗಂಟೆಗೆ 40 ಮೈಲಿ ವೇಗ ಇರಬೇಕು, ಒಂದು ಗಂಟೆ ಗಾಳಿಯಲ್ಲಿ ಇರಬೇಕು, 125 ಮೈಲಿ ಹೋಗೋವಷ್ಟು ಇಂಧನ ಹಿಡಿಸಬೇಕು. ವಿಮಾನ ಅನ್ನೋದೇ ಸುಳ್ಳು ಅಂತ ತುಂಬಾ ಜನ ಅಂದುಕೊಂಡಿದ್ದ ಕಾಲದಲ್ಲಿ, ಅಂಗಡಿಯಿಂದ ಫ್ಯಾನ್ ಖರೀದಿ ಮಾಡಿದ ಹಾಗೆ ಹೀಗೆ ಷರತ್ತು ಹಾಕಿದ್ದನ್ನ ಕೆಲವು ಪತ್ರಿಕೆಗಳು ಗೇಲಿ ಮಾಡಿದವು.

ರೈಟ್ ಸಹೋದರರು ಮಾತ್ರ ಗೇಲಿ ಮಾಡಲಿಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಆರ್ವಿಲ್ ರೈಟ್ ಫೋರ್ಟ್ ಮೈಯರ್‌ನಲ್ಲಿ ವಿಮಾನ ಹಾರಿಸಿದರು. ಸೆಪ್ಟೆಂಬರ್ 12ರಂದು ಸ್ಕ್ವೈಯರ್ ಪ್ರಯಾಣಿಕರಾಗಿ ಹತ್ತಿ ಕೂತು 9 ನಿಮಿಷ 6 ಸೆಕೆಂಡ್ ಹಾರಿದರು. ಐದು ದಿನ ಕಳೆದು, ಸೆಪ್ಟೆಂಬರ್ 17ರಂದು ಅದೇ ಸೀಟಿನಲ್ಲಿ ಕೂತವರು ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್. ಪ್ರೊಪೆಲರ್ ಮುರಿಯಿತು, ವಿಮಾನ ಕೆಳಗೆ ಬಿತ್ತು. ಆರ್ವಿಲ್ ತೀವ್ರವಾಗಿ ಗಾಯಗೊಂಡರು, ಸೆಲ್ಫ್ರಿಜ್ ತೀರಿಹೋದರು. ಎಂಜಿನ್ ಇರೋ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ವ್ಯಕ್ತಿ ಅವರು. ಐದು ದಿನದ ವ್ಯತ್ಯಾಸ. ಅದು ಆಚೀಚೆ ಆಗಿದ್ರೆ ನಾನು ಬರೀತಿರೋ ಈ ಲೇಖನದ ಉಳಿದ ಭಾಗ ಇರ್ತಾನೇ ಇರಲಿಲ್ಲ.

1910: ತಂತಿ ಇರುವ ವೈರ್‌ಲೆಸ್

ಈಗ ಮುಖ್ಯ ವಿಷಯಕ್ಕೆ ಬರೋಣ. ಆಗಿನ ಟೆಲಿಫೋನ್‌ನಲ್ಲಿ ಒಂದು ಜೋಡಿ ತಂತಿ ಅಂದ್ರೆ ಹೆಚ್ಚುಕಡಿಮೆ ಒಂದು ಮಾತುಕತೆ. ಇಬ್ಬರು ಮಾತಾಡ್ತಿದ್ರೆ ಬೇರೆಯವರು ಕಾಯಬೇಕು. ಜಾಸ್ತಿ ಜನ ಮಾತಾಡಬೇಕಾದ್ರೆ ಜಾಸ್ತಿ ತಾಮ್ರ ಎಳೀಬೇಕು. ಇನ್ನೊಂದು ಕಡೆ ವೈರ್‌ಲೆಸ್. ಅದರಲ್ಲಿ ಬೇರೆಬೇರೆ ಫ್ರೀಕ್ವೆನ್ಸಿ ಟ್ಯೂನ್ ಮಾಡಿ ಹಲವು ಸಂದೇಶ ಕಳಿಸಬಹುದು. ಆದ್ರೆ ಶಕ್ತಿ ಎಲ್ಲಾ ದಿಕ್ಕಿಗೂ ಚೆಲ್ಲಿ ಹೋಗತ್ತೆ, ಗುಟ್ಟೂ ಉಳಿಯಲ್ಲ.

ಸ್ಕ್ವೈಯರ್ ಎರಡನ್ನೂ ಸೇರಿಸಿದರು. ರೇಡಿಯೋ ಅಲೆಯನ್ನ ಗಾಳಿಗೆ ಬಿಡೋ ಬದಲು ತಂತಿಯ ಮೇಲೆ ಬಿಟ್ಟರೆ? ಅಲೆ ತಂತಿಯ ಗುಂಟವೇ ಹೋಗಿ ಆ ತುದಿ ತಲುಪತ್ತೆ. ಇದಕ್ಕೆ ಅವರು ಇಟ್ಟ ಹೆಸರು ವೈರ್ಡ್ ವೈರ್‌ಲೆಸ್. ಕನ್ನಡದಲ್ಲಿ ತಂತಿ ಇರುವ ನಿಸ್ತಂತು ಅನ್ನಬೇಕಾಗತ್ತೆ, ಕೇಳೋಕೆ ಒಗಟಿನ ಹಾಗಿದೆ.

1910ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸಿಗ್ನಲ್ ಕೋರ್‌ಗೆ ಎರಡು ಲ್ಯಾಬ್ ಇದ್ದವು. ಒಂದು ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಆವರಣದಲ್ಲಿ, ಇನ್ನೊಂದು ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ. ನಡುವೆ ಸುಮಾರು ಏಳು ಮೈಲಿ ಉದ್ದದ ಮಾಮೂಲಿ ಟೆಲಿಫೋನ್ ಲೈನ್. ಆ ಲೈನ್ ಮೇಲೆ ಮಾಮೂಲಿ ಮಾತುಕತೆ ನಡೀತಿರುವಾಗಲೇ, ಸೆಕೆಂಡಿಗೆ ಸುಮಾರು 1 ಲಕ್ಷ ಸೈಕಲ್ ಕೊಡುವ ಹೈ ಫ್ರೀಕ್ವೆನ್ಸಿ ಆಲ್ಟರ್ನೇಟರ್ ಬಳಸಿ ಎರಡನೇ ಮಾತುಕತೆಯನ್ನ ಅದರ ಮೇಲೆ ಏರಿಸಿದರು. ಒಂದು ಮಾತು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಆ ತುದಿಯಲ್ಲಿ ಟ್ಯೂನ್ಡ್ ಸರ್ಕ್ಯೂಟ್ ಎರಡನ್ನೂ ಬೇರೆ ಮಾಡಿ ಕೊಟ್ಟಿತು.

ಕ್ಯಾರಿಯರ್, ಮಾಡ್ಯುಲೇಷನ್, ಫ್ರೀಕ್ವೆನ್ಸಿ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಅಂತ ನಾವು ಇಂಟರ್ನಲ್ಸ್‌ಗೆ ಓದೋದೆಲ್ಲ ಇದೇ. ಅವರೊಬ್ಬರಿಗೇ ಹೊಳೆದ ಯೋಚನೆ ಇದಾಗಿರಲಿಲ್ಲ. ಜರ್ಮನಿಯಲ್ಲಿ ಅರ್ನ್ಸ್ಟ್ ರೂಮರ್, ಅಮೆರಿಕದಲ್ಲೇ ಜಾನ್ ಸ್ಟೋನ್ ಸ್ಟೋನ್ ಇದೇ ದಿಕ್ಕಿನಲ್ಲಿ ಯೋಚಿಸ್ತಿದ್ದರು. ಆದರೆ ಚಾಲ್ತಿಯಲ್ಲಿರೋ ಟೆಲಿಫೋನ್ ಲೈನ್ ಮೇಲೆ ಮಾಡಿ ತೋರಿಸಿ, 1911ರಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಪೇಪರ್ ಮಂಡಿಸಿ, ಎಲ್ಲರ ಕಣ್ಣಿಗೆ ಬೀಳೋ ಹಾಗೆ ಮಾಡಿದವರು ಸ್ಕ್ವೈಯರ್.

ಸಾರ್ವಜನಿಕರಿಗೆ ಕೊಟ್ಟ ಪೇಟೆಂಟ್

1911ರ ಜನವರಿಯಲ್ಲಿ ಅವರಿಗೆ ಪೇಟೆಂಟ್‌ಗಳು ಸಿಕ್ಕವು. ಇಲ್ಲಿಂದ ಕಥೆ ಸ್ವಲ್ಪ ಬಿಗಿಯಾಗತ್ತೆ.

ಅಮೆರಿಕದಲ್ಲಿ 1883ರ ಒಂದು ಕಾಯ್ದೆ ಇತ್ತು. ಸರ್ಕಾರಿ ನೌಕರ ಏನಾದ್ರೂ ಕಂಡುಹಿಡಿದ್ರೆ, ಫೀಸ್ ಕಟ್ಟದೆ ಪೇಟೆಂಟ್ ತಗೋಬಹುದು. ಬದಲಿಗೆ, ಆ ಆವಿಷ್ಕಾರವನ್ನ ಸರ್ಕಾರವಾಗಲಿ ದೇಶದ ಯಾರೇ ಆಗಲಿ ರಾಯಲ್ಟಿ ಕೊಡದೆ ಬಳಸಬಹುದು ಅಂತ ಅರ್ಜಿಯಲ್ಲಿ ಬರೆದುಕೊಡಬೇಕು. ಸ್ಕ್ವೈಯರ್ ಈ ಕಾಯ್ದೆಯ ಕೆಳಗೇ ಪೇಟೆಂಟ್ ತಗೊಂಡರು. ಮಲ್ಟಿಪ್ಲೆಕ್ಸ್ ಟೆಲಿಫೋನ್ ಅನ್ನ ಒಬ್ಬ ಸೈನ್ಯಾಧಿಕಾರಿ ಜನರಿಗೆ ದಾನ ಕೊಟ್ಟರು ಅಂತ ಪತ್ರಿಕೆಗಳು ಹೊಗಳಿದವು.

1912ರಲ್ಲಿ ಅವರು ಲಂಡನ್‌ಗೆ ಮಿಲಿಟರಿ ಅಟಾಷೆಯಾಗಿ ಹೋದರು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸೈನ್ಯದ ಜೊತೆ ಯುದ್ಧಭೂಮಿಗೆ ಹೋಗಿ ಕಣ್ಣಾರೆ ನೋಡಿದರು. ವಿಮಾನ ಮತ್ತು ಸಂಪರ್ಕ ಇಲ್ಲದ ಸೈನ್ಯ ಕುರುಡು ಕಿವುಡು ಅನ್ನೋದು ಅವರಿಗೆ ಅಲ್ಲಿ ಖಾತ್ರಿಯಾಯಿತು. 1916ರಲ್ಲಿ ವಾಪಸ್ ಬಂದು ವಾಯುವಿಭಾಗದ ಹೊಣೆ ಹೊತ್ತರು, 1917ರ ಫೆಬ್ರವರಿಯಲ್ಲಿ ಸಿಗ್ನಲ್ ಕೋರ್‌ನ ಮುಖ್ಯಸ್ಥರೇ ಆದರು. ಎರಡು ತಿಂಗಳಿಗೆ ಅಮೆರಿಕ ಯುದ್ಧಕ್ಕಿಳಿಯಿತು.

ಆಗ ನಡೆದದ್ದು ಅವರ ಬದುಕಿನ ದೊಡ್ಡ ಸೋಲು. ವಿಮಾನಗಳಿಗೆ ಅಂತ ಅಮೆರಿಕದ ಸಂಸತ್ತು ಒಂದೇ ಏಟಿಗೆ 64 ಕೋಟಿ ಡಾಲರ್ ಕೊಟ್ಟಿತು. ಸಾವಿರಾರು ವಿಮಾನ ಬರತ್ತೆ ಅಂತ ಜನ ಕಾದರು. ಆದ್ರೆ ದುಡ್ಡು ಇದ್ದ ಮಾತ್ರಕ್ಕೆ ಕಾರ್ಖಾನೆ, ನುರಿತ ಕೆಲಸಗಾರರು, ಒಣಗಿದ ಒಳ್ಳೆ ಮರ, ಡ್ರಾಯಿಂಗ್‌ಗಳು ಒಂದೇ ರಾತ್ರಿಯಲ್ಲಿ ಬರಲ್ಲ. ಅಮೆರಿಕನ್ನರೇ ವಿನ್ಯಾಸ ಮಾಡಿದ ಯಾವ ಯುದ್ಧವಿಮಾನವೂ ರಣರಂಗಕ್ಕೆ ಹೋಗಲಿಲ್ಲ. ಹೋದದ್ದು ಬ್ರಿಟಿಷ್ ವಿನ್ಯಾಸದ ಡಿ ಹ್ಯಾವಿಲೆಂಡ್ ವಿಮಾನ, ಅಮೆರಿಕದ ಲಿಬರ್ಟಿ ಎಂಜಿನ್ ಜೊತೆ, ಅದೂ ತಡವಾಗಿ. ಟೀಕೆಯ ಮಳೆ ಸುರಿಯಿತು, ತನಿಖೆಗಳು ನಡೆದವು. 1918ರ ಮೇ ತಿಂಗಳಲ್ಲಿ ಅಧ್ಯಕ್ಷ ವಿಲ್ಸನ್ ವಾಯುವಿಭಾಗವನ್ನ ಸಿಗ್ನಲ್ ಕೋರ್‌ನಿಂದ ಕಿತ್ತು ಬೇರೆ ಮಾಡಿದರು. ಹನ್ನೊಂದು ವರ್ಷದ ಹಿಂದೆ ತಾವೇ ನೆಟ್ಟ ಗಿಡ ಬೇರೆಯವರ ಕೈಗೆ ಹೋಯಿತು.

ರೇಡಿಯೋ ಕಡೆ ಅವರ ಕೆಲಸ ಚೆನ್ನಾಗಿ ನಡೆಯಿತು. ನ್ಯೂಜೆರ್ಸಿಯಲ್ಲಿ ಸೈನ್ಯದ ರೇಡಿಯೋ ಲ್ಯಾಬ್ ಬೆಳೆಯಿತು. ಮುಂದೆ ಫೋರ್ಟ್ ಮನ್‌ಮತ್ ಎಂದು ಹೆಸರಾದ ಆ ಜಾಗದಲ್ಲಿ ಒಂದು ಲ್ಯಾಬ್ ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟರು. 1919ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಕೋರ್ಟಿನಲ್ಲಿ ಸೋತ ದಾನ

ಈ ನಡುವೆ 1918ರಲ್ಲಿ ಎಟಿ ಅಂಡ್ ಟಿ ಕಂಪನಿ ಬಾಲ್ಟಿಮೋರ್ ಮತ್ತು ಪಿಟ್ಸ್‌ಬರ್ಗ್ ನಡುವೆ ಕ್ಯಾರಿಯರ್ ಟೆಲಿಫೋನ್ ವ್ಯವಸ್ಥೆ ಶುರು ಮಾಡಿತು. ಒಂದೇ ಜೋಡಿ ತಂತಿಯಲ್ಲಿ ಹಲವು ಮಾತುಕತೆ. ಕಂಪನಿಯ ಸ್ವಂತ ಕೆಲಸವೂ ಅದರಲ್ಲಿ ಸಾಕಷ್ಟಿತ್ತು. ವ್ಯಾಕ್ಯೂಮ್ ಟ್ಯೂಬ್ ಆಂಪ್ಲಿಫೈಯರ್ ಮತ್ತು ಜಾರ್ಜ್ ಕ್ಯಾಂಪ್‌ಬೆಲ್ ಅವರ ಫಿಲ್ಟರ್ ಇಲ್ಲದೆ ಅದು ನೂರಾರು ಮೈಲಿ ಓಡ್ತಿರಲಿಲ್ಲ. ಆದರೆ ಮೂಲ ಯೋಚನೆ ತಮ್ಮದು, ಇದರಿಂದ ಕಂಪನಿಗೆ ತಾಮ್ರ ಉಳಿದು ಭಾರೀ ಲಾಭ ಆಗ್ತಿದೆ ಅಂತ ಸ್ಕ್ವೈಯರ್‌ಗೆ ಅನ್ನಿಸಿತು.

ಅವರು ಕೇಸ್ ಹಾಕಿದರು. ಅವರ ವಾದ ಇಷ್ಟು: ಬಿಟ್ಟುಕೊಟ್ಟದ್ದು ಸರ್ಕಾರದ ಬಳಕೆಗೆ, ಸರ್ಕಾರದ ಕೆಲಸಕ್ಕೆ. ಒಂದು ಖಾಸಗಿ ಕಂಪನಿ ಅದರಿಂದ ದುಡ್ಡು ಮಾಡೋಕೆ ಅಲ್ಲ. ಕಂಪನಿಯ ಉತ್ತರವೂ ಸರಳ: ಪೇಟೆಂಟ್‌ನಲ್ಲಿ ಯಾರು ಬೇಕಾದ್ರೂ ಬಳಸಬಹುದು ಅಂತ ಬರೆದಿದೆ, ನಾವೂ ಆ ಯಾರು ಬೇಕಾದವರಲ್ಲಿ ಸೇರ್ತೀವಿ.

ಕೋರ್ಟ್ ಬರೆದಿದ್ದನ್ನ ನೋಡಿತು. ಬರೆದವರ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕಿಂತ ಕಾಗದದಲ್ಲಿ ಏನಿದೆ ಅನ್ನೋದೇ ಮುಖ್ಯವಾಯಿತು. ಒಮ್ಮೆ ಸಾರ್ವಜನಿಕರಿಗೆ ಬಿಟ್ಟದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಕೆಳಗಿನ ಕೋರ್ಟಿನಲ್ಲೂ ಸೋತರು, ಅಪೀಲಿನಲ್ಲೂ ಸೋತರು.

ಇದನ್ನ ಓದಿದಾಗ ಯಾರ ಪರ ನಿಲ್ಲಬೇಕು ಅಂತ ತಟ್ಟನೆ ಗೊತ್ತಾಗಲ್ಲ. ಸ್ಕ್ವೈಯರ್ ದುರಾಸೆಯ ಮನುಷ್ಯ ಅಂತ ಹೇಳೋದೂ ಕಷ್ಟ. ಇದೇ ವರ್ಷಗಳಲ್ಲಿ ಅವರು ಹುಟ್ಟೂರು ಡ್ರೈಡನ್‌ನಲ್ಲಿ ಹಳೆಯ ಗಿರಣಿಯೊಂದರ ಸುತ್ತಲಿನ ಜಾಗ ಕೊಂಡು, ಅದನ್ನ ರೈತಾಪಿ ಜನರಿಗೆ ಅಂತಲೇ ಕಂಟ್ರಿ ಕ್ಲಬ್ ಮಾಡಿದರು. ಶ್ರೀಮಂತರ ಕ್ಲಬ್‌ನಲ್ಲಿ ಇರೋ ಮೆಂಬರ್‌ಷಿಪ್ ಫೀಸ್ ಇಲ್ಲಿರಲಿಲ್ಲ. ಯಾರು ಬೇಕಾದ್ರೂ ಬಂದು ಕೂರಬಹುದು, ಓಡಾಡಬಹುದು. ಅದು ಈಗ ಅವರ ಹೆಸರಿನ ಪಾರ್ಕ್ ಆಗಿ ಉಳಿದಿದೆ. ಕೊಡೋದು ಅವರಿಗೆ ಬೇಜಾರಿನ ವಿಷಯ ಆಗಿರಲಿಲ್ಲ. ಎಲ್ಲರಿಗೂ ಅಂತ ಇಟ್ಟದ್ದನ್ನ ಎಲ್ಲರಿಗಿಂತ ದೊಡ್ಡವನು ಬಂದು ಬಾಚಿಕೊಂಡ ಅನ್ನೋದು ಅವರ ಸಂಕಟ ಅಂತ ನನಗನ್ಸತ್ತೆ. ಆದ್ರೆ ಎಲ್ಲರಿಗೂ ಅಂದ್ಮೇಲೆ ದೊಡ್ಡವನಿಗೂ ಅಂತಾನೇ ಅರ್ಥ, ಅಲ್ವಾ?

ಇವತ್ತು ಓಪನ್ ಸೋರ್ಸ್ ಲೈಸೆನ್ಸ್‌ಗಳ ಮೇಲೆ ನಡೆಯೋ ಜಗಳ ಇದೇ. ಕೆಲವು ಲೈಸೆನ್ಸ್‌ಗಳು ಏನು ಬೇಕಾದ್ರೂ ಮಾಡ್ಕೊಳ್ಳಿ ಅನ್ನತ್ವೆ. ಕೆಲವು, ತಗೊಂಡು ಬದಲಾಯಿಸಿ ಹಂಚೋದಾದ್ರೆ ನೀವೂ ಹಾಗೇ ಬಿಟ್ಟುಕೊಡಿ ಅನ್ನತ್ವೆ. ಸ್ಕ್ವೈಯರ್‌ಗೆ ಬೇಕಿದ್ದದ್ದು ಮೂರನೇ ಥರದ್ದು. ಸಹಿ ಹಾಕಿದ್ದು ಮೊದಲನೆಯದಕ್ಕೆ.

ಕರೆಂಟ್ ಬಿಲ್ಲಿನ ಜೊತೆ ಸಂಗೀತ

1923ರ ಕೊನೆಗೆ ಅವರು ಸೈನ್ಯದಿಂದ ನಿವೃತ್ತರಾದರು. ಅಷ್ಟರಲ್ಲಿ ಇನ್ನೊಂದು ಯೋಚನೆ ಬೆಳೆದಿತ್ತು. ಟೆಲಿಫೋನ್ ತಂತಿಯಲ್ಲಿ ಆಗೋದು ಕರೆಂಟ್ ತಂತಿಯಲ್ಲಿ ಯಾಕಾಗಬಾರದು? ಟೆಲಿಫೋನ್ ಇಲ್ಲದ ಮನೆಗೂ ಕರೆಂಟ್ ಬರ್ತಿತ್ತು.

ನಾರ್ತ್ ಅಮೆರಿಕನ್ ಕಂಪನಿ ಅನ್ನೋ ದೊಡ್ಡ ವಿದ್ಯುತ್ ಸಂಸ್ಥೆ 1922ರಲ್ಲಿ ಈ ಯೋಚನೆಯ ಹಕ್ಕು ತಗೊಂಡು ಪ್ರಯೋಗಕ್ಕಿಳಿಯಿತು. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡ್‌ನಲ್ಲಿ ಮನೆಮನೆಯ ಕರೆಂಟ್ ಲೈನ್ ಮೂಲಕ ಸಂಗೀತ, ಸುದ್ದಿ ಕಳಿಸಿ ನೋಡಿದರು. ಬಿಸಿನೆಸ್ ಲೆಕ್ಕವೂ ಜಾಣತನದ್ದು. ಗಾಳಿಯಲ್ಲಿ ಬರೋ ರೇಡಿಯೋಗೆ ಯಾರು ದುಡ್ಡು ಕೊಡ್ತಾರೆ ಅನ್ನೋದು ಆಗ ಯಾರಿಗೂ ಬಗೆಹರಿದಿರಲಿಲ್ಲ. ತಂತಿಯಲ್ಲಿ ಬಂದ್ರೆ ಕರೆಂಟ್ ಬಿಲ್ಲಿಗೇ ಚಂದಾ ಸೇರಿಸಬಹುದು.

ಆದ್ರೆ ಗಾಳಿಯ ರೇಡಿಯೋ ಜಾಹೀರಾತಿನ ದುಡ್ಡಿನಲ್ಲಿ ಪುಕ್ಕಟೆಯಾಗಿ ಮನೆಗೆ ಬಂತು. ರೇಡಿಯೋ ಸೆಟ್ ಅಗ್ಗವಾಯಿತು. ಪುಕ್ಕಟೆ ಸಿಗುವಾಗ ಬಿಲ್ ಕಟ್ಟೋರು ಯಾರು? ಹಾಗಾಗಿ ಕಂಪನಿ ಮನೆ ಬಿಟ್ಟು ಹೋಟೆಲ್, ಅಂಗಡಿಗಳ ಕಡೆ ತಿರುಗಬೇಕಾಯಿತು. 1934ರಲ್ಲಿ ಅದಕ್ಕೊಂದು ಹೊಸ ಹೆಸರು ಬೇಕಿತ್ತು. ಕೊಡ್ಯಾಕ್ ಅನ್ನೋ ಹೆಸರು ಸ್ಕ್ವೈಯರ್‌ಗೆ ಇಷ್ಟ. ಮ್ಯೂಸಿಕ್ ಮತ್ತು ಕೊಡ್ಯಾಕ್ ಸೇರಿಸಿ ಮ್ಯೂಜ್ಯಾಕ್ ಅಂತ ಇಟ್ಟರು. ಮಾಲ್‌ನಲ್ಲಿ, ಲಿಫ್ಟ್‌ನಲ್ಲಿ ಮೆಲ್ಲಗೆ ಕೇಳೋ ಆ ಹಿನ್ನೆಲೆ ಸಂಗೀತಕ್ಕೆ ಅಮೆರಿಕದಲ್ಲಿ ಇವತ್ತಿಗೂ ಅದೇ ಹೆಸರು.

ಅದೇ 1934ರ ಮಾರ್ಚ್ 24ರಂದು, 69ನೇ ಹುಟ್ಟುಹಬ್ಬ ಕಳೆದು ಮೂರೇ ದಿನಕ್ಕೆ, ನ್ಯುಮೋನಿಯಾದಿಂದ ಸ್ಕ್ವೈಯರ್ ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರು ಹೋದ ಮೇಲೆ: ದೀಪಕ್ಕೆ ವಿಳಾಸ

ಸಂಗೀತ ಕಳಿಸೋಕೆ ಕರೆಂಟ್ ತಂತಿ ಅಷ್ಟು ಒಳ್ಳೇದಲ್ಲ ಅಂತ ಆಯ್ತು. ಆದ್ರೆ ಹತ್ತು, ಆರು ಅನ್ನೋ ಎರಡೇ ಪದ ಕಳಿಸೋಕೆ? ಅದಕ್ಕೆ ಧಾರಾಳ ಸಾಕು.

1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾತಿಸ್ ಊರಿನ ಪೀಕೋ ಎಲೆಕ್ಟ್ರಾನಿಕ್ಸ್ ಕಂಪನಿ ಇದನ್ನ ಮಾಡಿತು. ಅದು ಅವರ ಹತ್ತನೇ ಪ್ರಾಜೆಕ್ಟ್, ಹಾಗಾಗಿ ಹೆಸರು ಎಕ್ಸ್-10. 1978ರಿಂದ ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಪ್ಲಗ್‌ಗೆ ಒಂದು ಕಂಟ್ರೋಲರ್ ಹಾಕಿ, ದೀಪದ ಪ್ಲಗ್ ಹತ್ತಿರ ಒಂದು ಮಾಡ್ಯೂಲ್ ಹಾಕಿದ್ರೆ ಮುಗೀತು.

ಕೆಲಸ ಮಾಡೋ ರೀತಿ ಹೀಗಿದೆ. ಕರೆಂಟಿನ ಸೈನ್ ವೇವ್ ಪ್ರತಿ ಸಲ ಸೊನ್ನೆ ದಾಟುವಾಗ, ಸುಮಾರು 1 ಮಿಲಿಸೆಕೆಂಡ್ ಹೊತ್ತು 120 ಕಿಲೋಹರ್ಟ್ಸ್‌ನ ಪುಟ್ಟ ಸಿಗ್ನಲ್ ಕಳಿಸ್ತಾರೆ. ಸೊನ್ನೆ ದಾಟೋ ಕ್ಷಣದಲ್ಲಿ ಗದ್ದಲ ಕಡಿಮೆ. ಜೊತೆಗೆ ಕಳಿಸೋರಿಗೂ ತಗೊಳ್ಳೋರಿಗೂ ಪುಕ್ಕಟೆ ಕ್ಲಾಕ್ ಸಿಕ್ಕ ಹಾಗಾಯ್ತು. ಸಿಗ್ನಲ್ ಇದ್ದು ಮುಂದಿನ ಸೊನ್ನೆಯಲ್ಲಿ ಇಲ್ಲದಿದ್ರೆ ಅದು 1, ಇಲ್ಲದೆ ಮುಂದಿನದರಲ್ಲಿ ಇದ್ರೆ ಅದು 0. 16 ಮನೆ ಕೋಡ್, ಪ್ರತಿಯೊಂದರಲ್ಲಿ 16 ಯೂನಿಟ್ ಕೋಡ್, ಒಟ್ಟು 256 ವಿಳಾಸ. ಒಂದು ಆರ್ಡರ್ ಪೂರ್ತಿ ಹೋಗೋಕೆ ಮುಕ್ಕಾಲು ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಕು.

ಎಂಬತ್ತರ ದಶಕದಲ್ಲಿ ಇದಕ್ಕೆ ಕಂಪ್ಯೂಟರ್ ಸೇರಿತು. ಸೀರಿಯಲ್ ಪೋರ್ಟ್‌ಗೆ ಒಂದು ಪೆಟ್ಟಿಗೆ ಸಿಕ್ಕಿಸಿ, ಸಂಜೆ ಇಷ್ಟು ಹೊತ್ತಿಗೆ ವರಾಂಡದ ದೀಪ, ಬೆಳಿಗ್ಗೆ ಇಷ್ಟು ಹೊತ್ತಿಗೆ ಕಾಫಿ ಮೇಕರ್ ಅಂತ ಟೈಮ್ ಹಾಕಬಹುದಿತ್ತು. ಪೆಟ್ಟಿಗೆಗೆ ತನ್ನದೇ ಗಡಿಯಾರ, ಮೆಮೊರಿ ಇದ್ದವು. ಟೈಮ್ ತುಂಬಿಸಿದ ಮೇಲೆ ಕಂಪ್ಯೂಟರ್ ಆಫ್ ಮಾಡಿದ್ರೂ ನಡೀತಿತ್ತು.

50 ಹರ್ಟ್ಸ್ ಮೇಲೆ 120 ಕಿಲೋಹರ್ಟ್ಸ್ ಹೇಗೆ ಬೇರೆಯಾಗಿ ಉಳಿಯತ್ತೆ ಅಂತ ಡೌಟ್ ಇರೋರು ಒಂದು ಸಣ್ಣ ಲೆಕ್ಕ ಮಾಡಿ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ತಗೊಳ್ಳಿ. ನಮ್ಮ 50 ಹರ್ಟ್ಸ್‌ಗೆ ಅದರ ರಿಯಾಕ್ಟನ್ಸ್ ಸುಮಾರು 32 ಸಾವಿರ ಓಮ್, ಅಂದ್ರೆ ಹೆಚ್ಚುಕಡಿಮೆ ಗೋಡೆ. 120 ಕಿಲೋಹರ್ಟ್ಸ್‌ಗೆ ಸುಮಾರು 13 ಓಮ್, ಅಂದ್ರೆ ತೆರೆದ ಬಾಗಿಲು. ಒಂದೇ ಕೆಪಾಸಿಟರ್ ಕರೆಂಟನ್ನ ತಡೆದು ಸಂದೇಶವನ್ನ ಬಿಡತ್ತೆ. ಸ್ಕ್ವೈಯರ್ 1910ರಲ್ಲಿ ನಂಬಿಕೊಂಡಿದ್ದ ಭೌತಶಾಸ್ತ್ರ ಇದೇ. ಇದನ್ನ ಪೇಪರ್ ಮೇಲೆ ಅಥವಾ ಸಿಮ್ಯುಲೇಟರ್‌ನಲ್ಲಿ ಮಾಡಿ ನೋಡಿ, ಹಾಸ್ಟೆಲ್ ಪ್ಲಗ್ ಪಾಯಿಂಟ್‌ನಲ್ಲಿ ಮಾತ್ರ ಬೇಡ. 230 ವೋಲ್ಟ್ ಯಾರಿಗೂ ಎರಡನೇ ಅವಕಾಶ ಕೊಡಲ್ಲ.

ಎಕ್ಸ್-10ಗೆ ತೊಂದರೆಗಳೂ ಇದ್ವು. ಮನೆಯ ಒಂದು ಲೈನ್‌ನಲ್ಲಿ ಕಳಿಸಿದ ಸಿಗ್ನಲ್ ಇನ್ನೊಂದು ಲೈನ್‌ಗೆ ಸರಿಯಾಗಿ ದಾಟ್ತಿರಲಿಲ್ಲ. ಟಿವಿ, ಕಂಪ್ಯೂಟರ್‌ನ ಪವರ್ ಸಪ್ಲೈ ಸಿಗ್ನಲ್ ನುಂಗಿಬಿಡ್ತಿತ್ತು. ದೀಪ ನಿಜವಾಗ್ಲೂ ಆರಿತಾ ಅಂತ ವಾಪಸ್ ಹೇಳೋ ವ್ಯವಸ್ಥೆ ಮೊದಲಿನ ಮಾಡ್ಯೂಲ್‌ಗಳಲ್ಲಿ ಇರಲಿಲ್ಲ. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಪಕ್ಕದ ಮನೆಯವರೂ ಅದೇ ಮನೆ ಕೋಡ್ ಇಟ್ಟಿದ್ರೆ ಅವರು ಒತ್ತಿದ್ರೆ ಇವರ ದೀಪ ಹತ್ತೋದು. ಹೊರಗೆ ಹೋಗಬಾರದ ಸಂದೇಶ ತಂತಿ ಹಿಡಿದು ಹೊರಗೆ ಹೋಗಿಬಿಡತ್ತೆ ಅನ್ನೋ ಪ್ರೈವೆಸಿ ಪಾಠ ಅಲ್ಲೇ ಶುರು.

ವೈಫೈ ಬಂದ ಮೇಲೆ ಮನೆಯೊಳಗೆ ಎಕ್ಸ್-10 ಹಿಂದೆ ಸರಿಯಿತು. ಮೂಲ ಯೋಚನೆ ಮಾತ್ರ ಎಲ್ಲೂ ಹೋಗಲಿಲ್ಲ. ಕೆಲವು ದೇಶಗಳ ಸ್ಮಾರ್ಟ್ ಮೀಟರ್‌ಗಳು ಕರೆಂಟ್ ಲೈನ್‌ನಲ್ಲೇ ರೀಡಿಂಗ್ ಕಳಿಸ್ತವೆ. ಎಲೆಕ್ಟ್ರಿಕ್ ಕಾರಿಗೆ ಫಾಸ್ಟ್ ಚಾರ್ಜರ್ ಸಿಕ್ಕಿಸಿದಾಗ ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳೋದಕ್ಕೆ ಸಿಸಿಎಸ್ ಪದ್ಧತಿಯಲ್ಲಿ ಬಳಸೋದು ಪವರ್‌ಲೈನ್ ಕಮ್ಯುನಿಕೇಷನ್‌ನಿಂದಲೇ ಬಂದ ತಂತ್ರ. ನಮ್ಮ ಊರಲ್ಲೂ ನೋಡಬೇಕಾ? ಬಸ್ಸಿನಲ್ಲಿ ಹೋಗುವಾಗ ಕೆಪಿಟಿಸಿಎಲ್‌ನ ದೊಡ್ಡ ಸಬ್‌ಸ್ಟೇಷನ್ ಕಂಡ್ರೆ ಲೈನ್ ಒಳಗೆ ಬರೋ ಜಾಗ ಗಮನಿಸಿ. ಡ್ರಮ್ ಆಕಾರದ ಕಾಯಿಲ್ ಒಂದು ಕಾಣತ್ತೆ. ಅದು ವೇವ್ ಟ್ರ್ಯಾಪ್. ಹೈ ಟೆನ್ಷನ್ ಲೈನ್ ಮೇಲೆ ಬರೋ ಸಬ್‌ಸ್ಟೇಷನ್‌ಗಳ ಮಾತು ಮತ್ತು ಪ್ರೊಟೆಕ್ಷನ್ ಸಿಗ್ನಲ್ ಒಳಗಿನ ಉಪಕರಣಗಳಿಗೆ ನುಗ್ಗದ ಹಾಗೆ ತಡೆದು, ಕೇಳಿಸಿಕೊಳ್ಳೋ ಯಂತ್ರದ ಕಡೆ ಕಳಿಸೋದು ಅದರ ಕೆಲಸ.

ಸ್ಕ್ವೈಯರ್ ಬದುಕನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಗೆಲುವಿಗಿಂತ ಕೈಬಿಟ್ಟು ಹೋದದ್ದೇ ಜಾಸ್ತಿ ಕಾಣತ್ತೆ. ವಾಯುಸೇನೆ ಬೇರೆಯವರದಾಯಿತು. ಮಲ್ಟಿಪ್ಲೆಕ್ಸ್ ಟೆಲಿಫೋನ್‌ನ ಲಾಭ ಕಂಪನಿಗೆ ಹೋಯಿತು. ಮನೆಮನೆಗೆ ಸಂಗೀತ ಕೊಡಬೇಕು ಅಂತ ಶುರುವಾದದ್ದು ಲಿಫ್ಟಿನಲ್ಲಿ ಬಂದು ನಿಂತಿತು. ಆದ್ರೂ ಅವರ ಪೇಟೆಂಟ್‌ನ ಆ ಒಂದು ಸಾಲಿನಿಂದಾಗಿ, ಕ್ಯಾರಿಯರ್ ತಂತ್ರ ಅವರಿಗೆ ರಾಯಲ್ಟಿ ಕಟ್ಟದೆ ಯಾರು ಬೇಕಾದ್ರೂ ಬೆಳೆಸೋಕೆ ಸಿಕ್ಕಿತು. ಅವರಿಗೆ ಅದು ನಷ್ಟ, ಬೇರೆ ಎಲ್ಲರಿಗೂ ಲಾಭ. ಎರಡೂ ನಿಜ.

ನಾವು ಇನ್ನೆರಡು ವರ್ಷದಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಮಾಡ್ತೀವಿ, ಹ್ಯಾಕಥಾನ್‌ಗೆ ಹೋಗ್ತೀವಿ, ಕಂಪನಿ ಸೇರಿ ಅಗ್ರಿಮೆಂಟ್‌ಗೆ ಸಹಿ ಹಾಕ್ತೀವಿ. ಮಾಡಿದ ಕೆಲಸ ಯಾರದ್ದು ಅನ್ನೋ ಸಾಲು ಆ ಕಾಗದದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇದ್ದೇ ಇರತ್ತೆ. ಕೊಡೋದಾದ್ರೆ ಮನಸಾರೆ ಕೊಡಿ, ಇಟ್ಟುಕೊಳ್ಳೋದಾದ್ರೆ ಇಟ್ಟುಕೊಳ್ಳಿ. ಯಾವುದಾದ್ರೂ ಸರಿ, ಸಹಿಗೆ ಮೊದಲು ಆ ಸಾಲನ್ನ ಒಂದ್ಸಲ ಓದಿ.